ಕಪ್ಪು ಪರದೆಯಿಂದ ಕನ್ನಡದ ಪರದೆಗೆ

(ಶಾಲೆಯ ಶತಮಾನೋತ್ಸವದ ಸಂದರ್ಭದಲ್ಲಿ ಹಳೆ ವಿದ್ಯಾರ್ಥಿಗಳ ಹಾಗೂ ಈಗಿನ ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಲಿಖಿತ ರೂಪ)



ನಿನ್ನೆಯಿಂದ ಈ ವೇದಿಕೆಯಲ್ಲಿ ಶಾಲೆಯ ನೂರು ವರ್ಷಗಳ ಕಥೆಯನ್ನು ಹಲವರು ಹೇಳಿದ್ದಾರೆ. ಮುಳಿಹುಲ್ಲಿನ ಮಾಡು, ಮರಳಿನ ಮೇಲೆ ಬೆರಳಿನಿಂದ ತಿದ್ದಿದ ಅಕ್ಷರ, ಸ್ಲೇಟು, ಕಡ್ಡಿ, ಶಾಯಿಯ ದೌತಿ, ಇವೆಲ್ಲ ನಮ್ಮ ಕಣ್ಣ ಮುಂದೆ ಹಾದುಹೋದವು. ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಹುಟ್ಟಿದ ಈ ಶಾಲೆ 1956ರ ನವೆಂಬರ್ 1ರಂದು ಕೇರಳ ರಾಜ್ಯದ ಶಾಲೆಯಾಯಿತು. ರಾಜ್ಯ ಬದಲಾಯಿತು, ತರಗತಿಯ ಮಾತು ಬದಲಾಗಲಿಲ್ಲ. ಬರೆಯುವ ಸಾಧನ ಮಾತ್ರ ತಲೆಮಾರಿನಿಂದ ತಲೆಮಾರಿಗೆ ಬದಲಾಗುತ್ತ ಬಂತು. ಆ ಸಾಲಿನಲ್ಲಿ ಕೊನೆಗೆ ಬಂದುದು ಕಂಪ್ಯೂಟರು. ಆ ಕೊಠಡಿಯ ಹೊಣೆ ಹೊತ್ತ ಮೂವರು ಅಧ್ಯಾಪಕರ ಪರವಾಗಿ ಈ ಮಾತುಗಳನ್ನು ಆಡುತ್ತಿದ್ದೇವೆ. ಆದುದರಿಂದ ಇಲ್ಲಿ 'ನಾವು' ಎಂದರೆ ಮೂವರೂ ಹೌದು, ತಪ್ಪಿನ ಪಾಲೂ ಮೂವರದು.

ನಮ್ಮ ವಿಷಯ ಬಹಳ ಸಣ್ಣದು. ಕಂಪ್ಯೂಟರು ಕಪ್ಪು ಪರದೆಯನ್ನಷ್ಟೇ ತೋರಿಸಿ ನಿಂತಾಗ, ಆದೇಶವೊಂದನ್ನು ಬರೆದು ಚಿತ್ರ, ಕಿಟಕಿ, ಮೌಸು ಇರುವ ಡೆಸ್ಕ್‌ಟಾಪನ್ನು ನಾವೇ ಎಬ್ಬಿಸುವುದು ಹೇಗೆ ಎಂಬುದು. ಶತಮಾನೋತ್ಸವದ ವೇದಿಕೆಗೆ ಇದು ತಕ್ಕ ವಿಷಯವೇ ಎಂದು ಕೆಲವರಿಗೆ ಅನಿಸಬಹುದು. ಕನ್ನಡ ಕಲಿಯುವ ಮಕ್ಕಳಿಗೆ ಇದು ಕೇವಲ ಯಂತ್ರದ ವಿಷಯವಲ್ಲ ಎಂಬುದನ್ನು ನಾವು ಒಂದು ಮಧ್ಯಾಹ್ನ ಕಲಿತೆವು. ಆ ಮಧ್ಯಾಹ್ನದ ಕಥೆಯಿಂದಲೇ ಆರಂಭಿಸುತ್ತೇವೆ.

ಕೇರಳದಲ್ಲಿ 2001ರಲ್ಲಿ ಐಟಿ ಆ್ಯಟ್ ಸ್ಕೂಲ್ ಯೋಜನೆ ಆರಂಭವಾಯಿತು. ಅದೇ ಮುಂದೆ 2017ರಲ್ಲಿ ಕೈಟ್ ಎಂಬ ಸಂಸ್ಥೆಯಾಯಿತು. ಆ ಯೋಜನೆಯ ಮೂಲಕ ಸರಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಲಿನಕ್ಸ್ ಆಧಾರಿತ ಮುಕ್ತ ತಂತ್ರಾಂಶ ಬಂತು. ನಮ್ಮ ಮಕ್ಕಳಿಗೆ ಐಟಿ ಪಠ್ಯಪುಸ್ತಕ ಕನ್ನಡದಲ್ಲಿಯೇ ದೊರೆಯಿತು. ಮಕ್ಕಳು ಪರದೆಯ ಮೇಲೆ ಕನ್ನಡ ಬರೆಯತೊಡಗಿದಾಗ ನಮಗೆ ಹಿಗ್ಗೋ ಹಿಗ್ಗು. ಕಡತಗಳಿಗೆ ಕನ್ನಡದಲ್ಲಿಯೇ ಹೆಸರಿಡಿರಿ ಎಂದೆವು. ಯಂತ್ರದ ಭಾಷೆಯನ್ನೂ ಕನ್ನಡಕ್ಕೆ ಬದಲಿಸಿದೆವು.

ಸುಮಾರು ಹದಿನೈದು ವರ್ಷಗಳ ಹಿಂದಿನ ಮಾತು. ಎಸ್‌ಎಸ್‌ಎಲ್‌ಸಿಯ ಐಟಿ ಪ್ರಾಯೋಗಿಕ ಪರೀಕ್ಷೆಗೆ ಒಂದು ದಿನ ಉಳಿದಿತ್ತು. ಒಂದು ಯಂತ್ರದಲ್ಲಿ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ತನ್ನ ಹೆಸರು, ಗುಪ್ತಪದ ಕೊಟ್ಟಳು. ಪರದೆ ಒಮ್ಮೆ ಕಪ್ಪಾಗಿ, ಮರುಕ್ಷಣ ಮತ್ತೆ ಹೆಸರು ಕೇಳುವ ಪುಟಕ್ಕೇ ಮರಳಿತು. ಹತ್ತು ಸಲ ಪ್ರಯತ್ನಿಸಿದರೂ ಹಾಗೆಯೇ. ಗುಪ್ತಪದ ತಪ್ಪಿದ್ದರೆ ತಪ್ಪೆಂದು ಹೇಳಬೇಕಿತ್ತು, ಅದನ್ನೂ ಹೇಳಲಿಲ್ಲ. ದೂರವಾಣಿಯಲ್ಲಿ ವಿಚಾರಿಸಿದಾಗ ಬಂದ ಸಲಹೆ ಒಂದೇ: ಎಲ್ಲವನ್ನೂ ಅಳಿಸಿ ಹೊಸದಾಗಿ ತಂತ್ರಾಂಶ ಹಾಕಿಬಿಡಿ. ನಾವು ಸಿಡಿಯನ್ನು ಕೈಗೆತ್ತಿಕೊಂಡಿದ್ದೆವು.

ಆಗ ಆ ಹುಡುಗಿ, "ನನ್ನ ಅಜ್ಜಿಯ ಒಗಟುಗಳು ಇದರಲ್ಲಿಯೇ ಇವೆ ಟೀಚರ್" ಎಂದಳು. ಅಜ್ಜಿಯ ಬಾಯಿಯಿಂದ ಕೇಳಿ ಕೇಳಿ ಅವಳು ಒಗಟುಗಳನ್ನು ಬರೆದಿಟ್ಟಿದ್ದಳು. ಆ ಅಜ್ಜಿ ಹಿಂದಿನ ಮಳೆಗಾಲದಲ್ಲಿ ತೀರಿಕೊಂಡಿದ್ದರು. ಬೇರೆ ಪ್ರತಿ ಎಲ್ಲಿಯೂ ಇರಲಿಲ್ಲ. ಪ್ರತಿ ತೆಗೆದಿಡಬೇಕೆಂದು ಮಕ್ಕಳಿಗೆ ನಾವು ಹೇಳಿಯೂ ಇರಲಿಲ್ಲ.

ಸಿಡಿಯನ್ನು ಕೆಳಗಿಟ್ಟೆವು. ಕಂಟ್ರೋಲ್, ಆಲ್ಟ್ ಮತ್ತು ಎಫ್1 ಕೀಲಿಗಳನ್ನು ಒಟ್ಟಿಗೆ ಒತ್ತಿದೆವು. ಚಿತ್ರವೆಲ್ಲ ಮರೆಯಾಗಿ ಕಪ್ಪು ಪರದೆ ಬಂತು, ಮೂಲೆಯಲ್ಲಿ ಒಂದು ಗೆರೆ ಮಿಡಿಯುತ್ತಿತ್ತು. ಅಲ್ಲಿ ಅವಳ ಹೆಸರು, ಗುಪ್ತಪದ ಕೊಟ್ಟೆವು. ಕೂಡಲೇ ಒಳಗೆ ಬಿಟ್ಟಿತು. ಕಡತಗಳ ಪಟ್ಟಿ ಕೇಳುವ ಎಲ್‌ಎಸ್ ಎಂಬ ಆದೇಶ ಬರೆದೆವು. ಪಟ್ಟಿಯೇನೋ ಬಂತು, ಆದರೆ ಕನ್ನಡದ ಹೆಸರುಗಳಿದ್ದ ಕಡೆಯೆಲ್ಲ ಬರೀ ಚೌಕಗಳ ಸಾಲು. ದಿನಾಂಕ ಕೇಳಿದರೆ ವಾರದ ಹೆಸರೂ ಚೌಕಗಳೇ. ಒಂದು ಅಕ್ಷರವೂ ಕನ್ನಡವಲ್ಲ. ಎಲ್ಲವೂ ಹಾಳಾಯಿತೆಂದು ತಿಳಿದು ಹುಡುಗಿ ಅಳತೊಡಗಿದಳು.

ಏನೂ ಹಾಳಾಗಿರಲಿಲ್ಲ. ಪಟ್ಟಿಯಲ್ಲಿ ಕಡತದ ಗಾತ್ರವೂ ಕಾಣುತ್ತಿತ್ತು, ಅದು ಸೊನ್ನೆಯಾಗಿರಲಿಲ್ಲ. ಬರಹ ಇದೆ, ಅದನ್ನು ತೋರಿಸುವ ಶಕ್ತಿ ಈ ಪರದೆಗಿಲ್ಲ, ಅಷ್ಟೇ. ಮಕ್ಕಳೇ, ಈ ವ್ಯತ್ಯಾಸವನ್ನು ಗಮನಿಸಬೇಕು. 'ಕನ್ನಡ' ಎಂಬ ಪದ ನಮ್ಮ ಕಣ್ಣಿಗೆ ಮೂರು ಅಕ್ಷರ. ಯೂನಿಕೋಡ್ ಸಂಕೇತದಲ್ಲಿ ಅದು ಕ, ನ, ವಿರಾಮ, ನ, ಡ ಎಂದು 5 ಸಂಕೇತಗಳು. ಯುಟಿಎಫ್-8 ಎಂಬ ಕ್ರಮದಲ್ಲಿ ಒಂದೊಂದಕ್ಕೆ 3 ಬೈಟುಗಳಂತೆ ಒಟ್ಟು 15 ಬೈಟುಗಳು. ಡಿಸ್ಕಿನಲ್ಲಿ ಇರುವುದು ಈ 15 ಬೈಟುಗಳು. ಅವುಗಳಿಂದ ನಕಾರದ ಕೆಳಗೆ ಒತ್ತಕ್ಷರ ಕೂರಿಸಿ, 'ಕನ್ನಡ' ಎಂದು ಓದುವಂತೆ ಚಿತ್ರಿಸುವುದು ಬೇರೆಯೇ ಕೆಲಸ. ಲಿನಕ್ಸಿನ ಕಪ್ಪು ಪರದೆಯ ಅಕ್ಷರಶೈಲಿಯಲ್ಲಿ 256, ಹೆಚ್ಚೆಂದರೆ 512 ಆಕೃತಿಗಳಿಗಷ್ಟೇ ಜಾಗ. ಪ್ರತಿಯೊಂದು ಅಕ್ಷರವೂ ಸಮನಾದ ಒಂದೊಂದು ಮನೆಯಲ್ಲಿ ಕೂರಬೇಕು. ಇಂಗ್ಲಿಷಿಗೆ ಇದು ಸಾಕು. ಕಾಗುಣಿತ ಮತ್ತು ಒತ್ತಕ್ಷರಗಳು ಸೇರಿ ಅಗಲ, ಎತ್ತರ, ಆಕಾರ ಬದಲಿಸಿಕೊಳ್ಳುವ ನಮ್ಮ ಲಿಪಿಗೆ ಸಾಲದು. ಲಿನಕ್ಸ್ ಮೊದಲು ಹೊರಬಂದುದು 1991ರಲ್ಲಿ. ಯೂನಿಕೋಡಿನ ಮೊದಲ ಆವೃತ್ತಿಯಲ್ಲಿ ಕನ್ನಡಕ್ಕೆ ಸ್ಥಾನ ದೊರೆತುದೂ ಅದೇ 1991ರಲ್ಲಿ. ಆದರೂ ಆ ಕಪ್ಪು ಪರದೆಯಲ್ಲಿ ಕನ್ನಡ ಇಂದಿಗೂ ತನ್ನಷ್ಟಕ್ಕೆ ಮೂಡುವುದಿಲ್ಲ. ಕನ್ನಡ ಮೂಡುವುದು ಚಿತ್ರದ ಪರದೆ ಎದ್ದಮೇಲೆ. ಆದುದರಿಂದಲೇ ನಮಗೆ ಆ ಪರದೆಯನ್ನು ಎಬ್ಬಿಸಲು ಗೊತ್ತಿರಬೇಕು.

ಎಬ್ಬಿಸುವ ಆದೇಶಕ್ಕೆ ಆರೇ ಅಕ್ಷರ: ಎಸ್, ಟಿ, ಎ, ಆರ್, ಟಿ, ಎಕ್ಸ್. ಸ್ಟಾರ್ಟ್‌ಎಕ್ಸ್. ಬರೆದು ಎಂಟರ್ ಒತ್ತಿದರೆ ಆಯಿತು. ಆದರೆ ಇದು ಮಂತ್ರವಲ್ಲ, ಒಳಗೆ ಏನು ನಡೆಯುತ್ತದೆಂದು ತಿಳಿದರೆ ಮಾತ್ರ ಕೈಗೆ ಧೈರ್ಯ ಬರುತ್ತದೆ.

ಎಕ್ಸ್ ಎಂಬುದು ಪರದೆಯ ಮೇಲೆ ಕಿಟಕಿಗಳನ್ನು ಮೂಡಿಸುವ ವ್ಯವಸ್ಥೆಯ ಹೆಸರು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ 1984ರಲ್ಲಿ ಅಥೀನಾ ಎಂಬ ಯೋಜನೆಯ ಅಂಗವಾಗಿ ಅದು ಹುಟ್ಟಿತು. ಅದಕ್ಕಿಂತ ಹಿಂದೆ ಡಬ್ಲ್ಯು ಎಂಬ ವ್ಯವಸ್ಥೆಯಿತ್ತು, ಇಂಗ್ಲಿಷ್ ವರ್ಣಮಾಲೆಯಲ್ಲಿ ಅದರ ಮುಂದಿನ ಅಕ್ಷರವೇ ಎಕ್ಸ್. ಹನ್ನೊಂದನೆಯ ಆವೃತ್ತಿ 1987ರಲ್ಲಿ ಬಂತು, ಇಂದಿಗೂ ಬಳಕೆಯಲ್ಲಿರುವುದು ಆ ಹನ್ನೊಂದೇ.

ಯಕ್ಷಗಾನ ನೋಡಿ ಬೆಳೆದ ನಮ್ಮ ಊರಿನ ಮಕ್ಕಳಿಗೆ ಇದನ್ನು ಆಟದ ಮೂಲಕ ಹೇಳುವುದು ಸುಲಭ. ಬಯಲಿನಲ್ಲಿ ಆಟ ನಡೆಯಬೇಕಾದರೆ ಮೊದಲು ರಂಗಸ್ಥಳ ಬೇಕು. ಅದೇ ಎಕ್ಸ್ ಸರ್ವರ್. ಸರ್ವರ್ ಎಂದೊಡನೆ ದೂರದ ಯಾವುದೋ ಯಂತ್ರವೆಂದು ತಿಳಿಯಬಾರದು, ಇಲ್ಲಿ ಅದು ನಮ್ಮೆದುರಿಗೇ ಇರುತ್ತದೆ. ಪರದೆ, ಕೀಲಿಮಣೆ, ಮೌಸು ಮೂರೂ ಅದರ ವಶದಲ್ಲಿರುತ್ತವೆ. ಬರೆಯುವ, ಲೆಕ್ಕ ಮಾಡುವ, ಚಿತ್ರ ಬಿಡಿಸುವ ತಂತ್ರಾಂಶಗಳೆಲ್ಲ ವೇಷಗಳು. ಯಾವ ವೇಷ ಎಲ್ಲಿ ನಿಲ್ಲಬೇಕು, ಯಾವುದು ಮುಂದೆ, ಯಾವುದು ಹಿಂದೆ ಎಂದು ನಡೆಸುವ ಭಾಗವತರಂತೆ ಇನ್ನೊಂದು ತಂತ್ರಾಂಶವಿದೆ, ಅದಕ್ಕೆ ವಿಂಡೋ ಮ್ಯಾನೇಜರ್ ಎಂದು ಹೆಸರು. ಬರೀ ರಂಗಸ್ಥಳ ಕಟ್ಟಿದರೆ ಆಟವಾಗುವುದಿಲ್ಲ. ಬರೀ ಎಕ್ಸ್ ಸರ್ವರನ್ನು ಎಬ್ಬಿಸಿದರೂ ಹಾಗೆಯೇ, ಖಾಲಿ ಪರದೆ ಬರುತ್ತದೆ, ಮಾಡಲು ಏನೂ ಇರುವುದಿಲ್ಲ.

ರಂಗಸ್ಥಳವನ್ನೂ ವೇಷವನ್ನೂ ಒಟ್ಟಿಗೆ ತರುವ ಕೆಲಸ ಎಕ್ಸ್‌ಇನಿಟ್ ಎಂಬ ತಂತ್ರಾಂಶದ್ದು. ಸ್ಟಾರ್ಟ್‌ಎಕ್ಸ್ ಎಂಬುದು ಆ ಎಕ್ಸ್‌ಇನಿಟ್ಟಿಗೆ ಬೇಕಾದ ವಿವರಗಳನ್ನು ಹೊಂದಿಸಿಕೊಟ್ಟು ಅದನ್ನು ಕರೆಯುವ ಒಂದು ಚಿಕ್ಕ ಬರಹ, ಅಷ್ಟೇ. ಎಕ್ಸ್‌ಇನಿಟ್ ಮೊದಲು ಸರ್ವರನ್ನು ಎಬ್ಬಿಸುತ್ತದೆ. ಅದು ಸಿದ್ಧವಾದ ಮೇಲೆ, ನಮ್ಮ ಮನೆಯ ಕಡತಕೋಶದಲ್ಲಿ ಎಕ್ಸ್‌ಇನಿಟ್‌ಆರ್‌ಸಿ ಎಂಬ ಹೆಸರಿನ, ಮೊದಲಿಗೆ ಒಂದು ಚುಕ್ಕಿಯಿರುವ ಕಡತವನ್ನು ಹುಡುಕುತ್ತದೆ. ಅದರಲ್ಲಿ ಬರೆದುದನ್ನು ಸಾಲುಸಾಲಾಗಿ ನಡೆಸುತ್ತದೆ. ಕೊನೆಯ ಸಾಲಿನ ತಂತ್ರಾಂಶ ಮುಗಿದರೆ ಮಂಗಳ ಹಾಡಿದಂತೆ, ರಂಗಸ್ಥಳವನ್ನೂ ಬಿಚ್ಚಿ ನಮ್ಮನ್ನು ಕಪ್ಪು ಪರದೆಗೆ ಮರಳಿಸುತ್ತದೆ.

ನಮ್ಮ ಕೊಠಡಿಯ ಹಳೆಯ, ನಿಧಾನದ ಯಂತ್ರಗಳಿಗಾಗಿ ನಾವು ಬರೆದ ಆ ಕಡತದಲ್ಲಿ ಮುಖ್ಯವಾಗಿ ಮೂರೇ ಸಾಲು. ಮೊದಲನೆಯದು ಭಾಷೆಯ ಸಾಲು: ಎಕ್ಸ್‌ಪೋರ್ಟ್ ಎಂದು ಬರೆದು, ಲ್ಯಾಂಗ್ ಎಂಬುದಕ್ಕೆ ಕೆಎನ್, ಅಡಿಗೆರೆ, ಐಎನ್, ಚುಕ್ಕಿ, ಯುಟಿಎಫ್-8 ಎಂಬ ಬೆಲೆ ಕೊಡುವುದು. ಕೆಎನ್ ಎಂದರೆ ಕನ್ನಡ, ಐಎನ್ ಎಂದರೆ ಭಾರತ. ಎರಡನೆಯದು ಕನ್ನಡ ಬೆರಳಚ್ಚಿಗೆ ಬೇಕಾದ ಐಬಸ್ ಎಂಬ ತಂತ್ರಾಂಶವನ್ನು ಎಬ್ಬಿಸುವ ಸಾಲು. ಅದರ ಕೊನೆಯಲ್ಲಿ ಆ್ಯಂಪರ್‌ಸ್ಯಾಂಡ್ ಚಿಹ್ನೆ ಹಾಕಬೇಕು. ನೀನು ಚೌಕಿಯಲ್ಲಿ ನಿನ್ನ ಕೆಲಸ ನೋಡಿಕೊಂಡಿರು, ಮುಂದಿನವರನ್ನು ತಡೆಯಬೇಡ ಎಂಬುದು ಆ ಚಿಹ್ನೆಯ ಅರ್ಥ. ಮೂರನೆಯದು ಎಕ್ಸೆಕ್ ಎಂದು ಬರೆದು ಡೆಸ್ಕ್‌ಟಾಪನ್ನು ಕರೆಯುವ ಸಾಲು. ನಾವು ಹಗುರವಾದ ಎಕ್ಸ್‌ಎಫ್‌ಸಿಇಯನ್ನು ಕರೆದೆವು. ಈ ಕೊನೆಯ ಸಾಲಿಗೆ ಮಾತ್ರ ಆ ಚಿಹ್ನೆ ಹಾಕಬಾರದು. ಹಾಕಿದರೆ ಕಾಯಬೇಕಾದವರು ಯಾರೂ ಇಲ್ಲವೆಂದು ತಿಳಿದು, ಆಟ ಮುಗಿಯಿತೆಂದು ಎಕ್ಸ್‌ಇನಿಟ್ ರಂಗಸ್ಥಳವನ್ನು ಬಿಚ್ಚಿಬಿಡುತ್ತದೆ. ಪರದೆ ಒಮ್ಮೆ ಮಿಂಚಿ ಮರೆಯಾಗುತ್ತದೆ. ನಮ್ಮ ಮಕ್ಕಳಲ್ಲಿ ಅನೇಕರು ಮೊದಲ ಸಲ ಈ ತಪ್ಪನ್ನೇ ಮಾಡುತ್ತಾರೆ. ಒಂದು ಸಲ ಮಾಡಿದವರು ಮತ್ತೆ ಮರೆಯುವುದಿಲ್ಲ.

ಈಗ ಆ ಮಧ್ಯಾಹ್ನಕ್ಕೆ ಮರಳೋಣ. ಹೆಸರು ಕೇಳುವ ಚಿತ್ರಪುಟವನ್ನು ನಡೆಸುವ ಸೇವೆಯನ್ನು ಮೊದಲು ನಿಲ್ಲಿಸಿದೆವು. ಬಳಿಕ ಹುಡುಗಿಯ ಖಾತೆಯಿಂದಲೇ ಸ್ಟಾರ್ಟ್‌ಎಕ್ಸ್ ಎಂದು ಬರೆಯಲು ಅವಳಿಗೇ ಹೇಳಿದೆವು. ಡೆಸ್ಕ್‌ಟಾಪ್ ಬರಲಿಲ್ಲ. ಆದರೆ ಚಿತ್ರಪುಟ ಹತ್ತು ಸಲವೂ ನುಂಗಿಕೊಂಡಿದ್ದ ಮಾತನ್ನು ಕಪ್ಪು ಪರದೆ ಒಂದೇ ಸಲಕ್ಕೆ ಹೇಳಿತು: ಎಕ್ಸ್‌ಅಥಾರಿಟಿ ಎಂಬ ಕಡತವನ್ನು ಬರೆಯಲಾಗುತ್ತಿಲ್ಲ. ಎಕ್ಸ್‌ಅಥಾರಿಟಿ ಎಂದರೆ ರಂಗಸ್ಥಳಕ್ಕೆ ಪ್ರವೇಶಿಸುವ ಹಕ್ಕುಚೀಟಿ. ಅದು ಆಯಾ ಬಳಕೆದಾರನ ಹೆಸರಿನಲ್ಲಿ, ಅವನ ಕಡತಕೋಶದಲ್ಲಿಯೇ ಇರಬೇಕು. ಪಟ್ಟಿಯನ್ನು ವಿವರವಾಗಿ ತೆರೆದು ನೋಡಿದರೆ ಆ ಒಂದು ಕಡತದ ಒಡೆಯ ಮಾತ್ರ ಹುಡುಗಿಯಲ್ಲ, ರೂಟ್, ಅಂದರೆ ಯಂತ್ರದ ಸರ್ವಾಧಿಕಾರಿ.

ಹಾಗೆ ಮಾಡಿದವರು ಯಾರು? ನಾವೇ. ಹಿಂದಿನ ವಾರ ಅವಳ ಖಾತೆಯಲ್ಲಿ ಏನನ್ನೋ ಸರಿಪಡಿಸುವ ಅವಸರದಲ್ಲಿ, ಸ್ಟಾರ್ಟ್‌ಎಕ್ಸ್ ಎಂಬುದರ ಹಿಂದೆ ಸುಡೂ ಎಂಬ ಪದ ಸೇರಿಸಿ ಬರೆದಿದ್ದೆವು. ಸುಡೂ ಎಂದರೆ ಈ ಆದೇಶವನ್ನು ಸರ್ವಾಧಿಕಾರದಿಂದ ನಡೆಸು ಎಂದು ಅರ್ಥ. ಕೆಲಸ ಆಗಿತ್ತು. ಆದರೆ ಹುಡುಗಿಯ ಹಕ್ಕುಚೀಟಿ ಸರ್ವಾಧಿಕಾರಿಯ ಹೆಸರಿಗೆ ಬರೆಯಲ್ಪಟ್ಟಿತ್ತು. ಅಂದಿನಿಂದ ಅವಳದೇ ಮನೆಯ ಬಾಗಿಲು ಅವಳಿಗೆ ತೆರೆಯುತ್ತಿರಲಿಲ್ಲ. ಅಗತ್ಯವಿಲ್ಲದ ಕಡೆ ಅಧಿಕಾರ ಬಳಸಿದರೆ ಏನಾಗುತ್ತದೆಂಬುದನ್ನು ಪೌರನೀತಿಯ ಪಾಠದಲ್ಲಿ ಕಲಿಸುವ ನಾವು ಕಂಪ್ಯೂಟರಿನ ಮುಂದೆ ಮರೆತಿದ್ದೆವು.

ಪರಿಹಾರ ಒಂದೇ ಸಾಲಿನದು. ಆ ಕಡತದ ಹೆಸರನ್ನು ಬದಲಿಸಿ ಬದಿಗಿಟ್ಟೆವು. ಕಡತಕೋಶ ಹುಡುಗಿಯದೇ ಆದುದರಿಂದ ಅದಕ್ಕೆ ಅವಳ ಅಧಿಕಾರವೇ ಸಾಕಾಯಿತು. ಮತ್ತೆ ಆರು ಅಕ್ಷರಗಳನ್ನು ಅವಳೇ ಒತ್ತಿದಳು. ಈ ಸಲ ಹೊಸ ಹಕ್ಕುಚೀಟಿ ಅವಳ ಹೆಸರಿನಲ್ಲಿಯೇ ಸಿದ್ಧವಾಯಿತು. ಪರದೆ ಕಪ್ಪಾಯಿತು, ಬೆಳಗಿತು, ಮೇಲಿನ ಪಟ್ಟಿಯಲ್ಲಿ ಕನ್ನಡದ ಪದಗಳು ಮೂಡಿದವು. ಚೌಕಗಳ ಸಾಲಿದ್ದ ಜಾಗದಲ್ಲಿ 'ಅಜ್ಜಿಯ ಒಗಟುಗಳು' ಎಂಬ ಹೆಸರಿತ್ತು. ಅವಳು ತೆರೆದು, ಮೊದಲ ಒಗಟನ್ನು ಗಟ್ಟಿಯಾಗಿ ಓದಿದಳು. ಮರುದಿನದ ಪರೀಕ್ಷೆಯೂ ಅದೇ ಯಂತ್ರದಲ್ಲಿ ನಡೆಯಿತು.

ಆ ಮಧ್ಯಾಹ್ನದ ಬಳಿಕ ನಾವು ಮೂರು ಪದ್ಧತಿಗಳನ್ನು ಮಾಡಿಕೊಂಡೆವು. ಮೊದಲನೆಯದು, ಮಕ್ಕಳ ಬರಹಗಳಿಗೆ ಯಾವಾಗಲೂ ಇನ್ನೊಂದು ಪ್ರತಿ. ಎರಡನೆಯದು, ಯಂತ್ರದ ಮೂಲಭಾಷೆಯನ್ನು ಇಂಗ್ಲಿಷಿನಲ್ಲಿಯೇ ಬಿಟ್ಟು, ಕನ್ನಡವನ್ನು ಚಿತ್ರದ ಪರದೆಯೊಡನೆ ಎಬ್ಬಿಸುವುದು. ಇದರಿಂದ ಕನ್ನಡಕ್ಕೆ ಕುಂದಿಲ್ಲ. ಕಪ್ಪು ಪರದೆ ಆಪತ್ತಿನ ಕಾಲದಲ್ಲಿ ಹೇಳುವ ಮಾತನ್ನು ಚೌಕಗಳಾಗಿಸದೆ ಓದಬಹುದು, ಕನ್ನಡ ತನ್ನ ಪೂರ್ಣ ಆಕಾರದಲ್ಲಿ ಮೂಡುವ ಜಾಗದಲ್ಲಿ ಮೂಡುತ್ತದೆ. ಮೂರನೆಯದು, ಎಂಟನೆಯ ತರಗತಿಗೆ ಬಂದ ಪ್ರತಿಯೊಂದು ಮಗುವೂ ಒಂದು ಸಲವಾದರೂ ಕಪ್ಪು ಪರದೆಯಿಂದ ಆರಂಭಿಸಿ ಡೆಸ್ಕ್‌ಟಾಪನ್ನು ತನ್ನ ಕೈಯಿಂದಲೇ ಎಬ್ಬಿಸಬೇಕು, ಸುಡೂ ಇಲ್ಲದೆ.

ಈಗಿನ ವಿದ್ಯಾರ್ಥಿಗಳು ಕೇಳಬಹುದು, ಇವೆಲ್ಲ ಹಳೆಯ ಕಾಲದ ಮಾತಲ್ಲವೇ ಎಂದು. ಸ್ವಲ್ಪ ಮಟ್ಟಿಗೆ ಹೌದು. 2008ರಲ್ಲಿ ವೇಲ್ಯಾಂಡ್ ಎಂಬ ಹೊಸ ವ್ಯವಸ್ಥೆಯ ಕೆಲಸ ಆರಂಭವಾಯಿತು. ಇಂದು ಅನೇಕ ಲಿನಕ್ಸ್ ಯಂತ್ರಗಳಲ್ಲಿ ಎಕ್ಸ್‌ನ ಜಾಗದಲ್ಲಿ ಅದೇ ಇದೆ. ಅಲ್ಲಿ ರಂಗಸ್ಥಳ ಮತ್ತು ಭಾಗವತರು ಬೇರೆಬೇರೆಯಲ್ಲ, ಎರಡೂ ಕೆಲಸವನ್ನು ಕಂಪೋಸಿಟರ್ ಎಂಬ ಒಂದೇ ತಂತ್ರಾಂಶ ಮಾಡುತ್ತದೆ. ಅಂಥ ಕಡೆ ಸ್ಟಾರ್ಟ್‌ಎಕ್ಸ್ ಬೇಕಿಲ್ಲ. ಸ್ವೇ ಎಂಬ ಕಂಪೋಸಿಟರ್ ಇದ್ದರೆ ಕಪ್ಪು ಪರದೆಯಲ್ಲಿ ಸ್ವೇ ಎಂದು ಅದರ ಹೆಸರನ್ನೇ ಬರೆದರೆ ಎದ್ದುಬರುತ್ತದೆ. ಕೆಲವು ಯಂತ್ರಗಳಲ್ಲಿ ಸ್ಟಾರ್ಟ್‌ಎಕ್ಸ್ ಬರೆದರೆ ಅಂಥ ಆದೇಶವಿಲ್ಲ ಎಂಬ ಉತ್ತರ ಬರುತ್ತದೆ. ಎಕ್ಸ್‌ಇನಿಟ್ ಪ್ಯಾಕೇಜನ್ನು ಅಲ್ಲಿ ಹಾಕಿಲ್ಲವೆಂದು ಅರ್ಥ. ಸಿಸ್ಟಮ್‌ಡಿ ಇರುವ ಯಂತ್ರಗಳಲ್ಲಿ ಹೆಸರು ಕೇಳುವ ಪುಟವೂ ಸೇರಿ ಇಡೀ ಚಿತ್ರವ್ಯವಸ್ಥೆಯನ್ನು ಒಮ್ಮೆಗೇ ಎಬ್ಬಿಸಬೇಕಾದರೆ ಸಿಸ್ಟಮ್‌ಸಿಟಿಎಲ್, ಐಸೊಲೇಟ್, ಗ್ರಾಫಿಕಲ್ ಚುಕ್ಕಿ ಟಾರ್ಗೆಟ್ ಎಂದು ಬರೆಯಬೇಕು. ಇಡೀ ಯಂತ್ರಕ್ಕೆ ಸಂಬಂಧಿಸಿದ ಆದೇಶವಾದ ಕಾರಣ ಅದಕ್ಕೆ ಸುಡೂ ಬೇಕು. ಅಧಿಕಾರ ಎಲ್ಲಿ ಬೇಕು, ಎಲ್ಲಿ ಬೇಡ ಎಂಬ ವಿವೇಕ ಇಲ್ಲಿಯೂ ಅದೇ. ಆದೇಶಗಳು ಬದಲಾಗುತ್ತವೆ. ಮೊದಲು ರಂಗಸ್ಥಳ, ಬಳಿಕ ವೇಷ, ಮೊದಲು ಕಪ್ಪು ಪರದೆ, ಬಳಿಕ ಕನ್ನಡ, ಈ ಕ್ರಮ ಬದಲಾಗಿಲ್ಲ.

ಏಳದೆ ಹೋದರೆ ಏನು ಮಾಡಬೇಕು? ಹೆದರಬಾರದು, ಓದಬೇಕು. ಎಕ್ಸ್ ಸರ್ವರ್ ತಾನು ಮಾಡಿದ ಪ್ರತಿಯೊಂದನ್ನೂ ಒಂದು ದಿನಚರಿ ಕಡತದಲ್ಲಿ ಬರೆದಿಡುತ್ತದೆ. ಅದರಲ್ಲಿ ಎರಡು ಇ ಅಕ್ಷರಗಳನ್ನು ಕಂಸದಲ್ಲಿಟ್ಟ ಸಾಲುಗಳು ದೋಷದ ಸಾಲುಗಳು. ಅವುಗಳನ್ನು ಹುಡುಕಿ ಓದಿದರೆ ಅರ್ಧ ಉತ್ತರ ಸಿಕ್ಕಂತೆ. ಡಿಸ್ಕ್ ತುಂಬಿ ಜಾಗವಿಲ್ಲದಿದ್ದರೂ ಡೆಸ್ಕ್‌ಟಾಪ್ ಏಳದು. ಡಿಎಫ್ ಎಂಬ ಆದೇಶ ಅದನ್ನು ಹೇಳುತ್ತದೆ. ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕುವುದು ಕಟ್ಟಕಡೆಯ ದಾರಿಯಾಗಿರಲಿ.

ಮಾನ್ಯರೇ, ಗಡಿಯ ಈಚೆ ಇರುವ ನಮಗೆ ಕಾಣದ ಕನ್ನಡ ಹೊಸದಲ್ಲ. ಕಚೇರಿಯ ಅರ್ಜಿಯಲ್ಲಿ, ಬಸ್ಸಿನ ಫಲಕದಲ್ಲಿ ಕನ್ನಡ ಕಾಣದೆ ಹೋದಾಗ ಅದು ಇಲ್ಲವೇ ಇಲ್ಲವೆಂದು ತಿಳಿಯುವವರಿದ್ದಾರೆ. ಆ ಹುಡುಗಿಯೂ ಚೌಕಗಳನ್ನು ನೋಡಿ ಹಾಗೆಯೇ ತಿಳಿದಳು. ನಾವೂ ಸಿಡಿಯನ್ನು ಕೈಗೆತ್ತಿಕೊಂಡಾಗ ಹಾಗೆಯೇ ತಿಳಿದಿದ್ದೆವು. ಆದರೆ ಬರಹ ಒಳಗೆ ಇತ್ತು, ಒಂದು ಬೈಟೂ ಕಳೆದಿರಲಿಲ್ಲ. ಅದನ್ನು ಎಬ್ಬಿಸುವ ಕ್ರಮ ಗೊತ್ತಿರಬೇಕಿತ್ತು, ಎಬ್ಬಿಸುವ ಹಕ್ಕು ಅದರ ಒಡತಿಯ ಕೈಯಲ್ಲಿ ಇರಬೇಕಿತ್ತು. ಈ ಶಾಲೆ ನೂರು ವರ್ಷ ಮಾಡಿದ ಕೆಲಸವೂ ಇದೇ ಎಂದು ನಮ್ಮ ನಂಬಿಕೆ.

ಆ ಹುಡುಗಿ ಇಂದು ಈ ಸಭೆಯಲ್ಲಿಯೇ ಇದ್ದಾಳೆ. ತನ್ನ ಮಗಳನ್ನು ಇದೇ ಶಾಲೆಯ ಒಂದನೆಯ ತರಗತಿಗೆ ಸೇರಿಸಿದ್ದಾಳೆ. ಈ ಸಂಜೆ ಕಂಪ್ಯೂಟರ್ ಕೊಠಡಿ ಎಲ್ಲರಿಗೂ ತೆರೆದಿರುತ್ತದೆ. ಯಂತ್ರಗಳನ್ನು ಬೇಕೆಂದೇ ಕಪ್ಪು ಪರದೆಯಲ್ಲಿ ನಿಲ್ಲಿಸಿದ್ದೇವೆ. ಹಿರಿಯರೂ ಬನ್ನಿ, ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ಆರು ಅಕ್ಷರಗಳನ್ನು ಒತ್ತಿ ನೋಡಿ. ಪರದೆ ಬೆಳಗಿದ ಮೇಲೆ ಮೊದಲಿಗೆ ನಿಮ್ಮ ಹೆಸರನ್ನು ಕನ್ನಡದಲ್ಲಿ ಬರೆಯಿರಿ.